ಶರಾವತಿ ಹಿನ್ನೀರಿಗೆ ಹಳೇ ಬೋರ್ಡೇ ಸರಿ

ನಾನು ವಿಂಡ್‌ಸರ್ಫಿಂಗ್, ಅಂದರೆ ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯಲ್ಲಿ ಸಾಗುವ ಆಟ, ಕಲಿತದ್ದು ಸಾಗರದ ಹತ್ತಿರ, ಹೊನ್ನೇಮರಡುವಿನ ಹಿನ್ನೀರಿನಲ್ಲಿ. ಹನ್ನೆರಡು ಅಡಿ ಉದ್ದದ ಹಳೇ ಬೋರ್ಡ್. ಮೊದಲೆರಡು ದಿನ ಬೀಳುವುದು, ಹತ್ತುವುದು, ಹಗ್ಗ ಹಿಡಿದು ಹಾಯಿ ಎತ್ತುವುದು, ಇಷ್ಟೇ ಕೆಲಸ. ಸೊಂಟ ಬಗ್ಗಿಸಿ ಎಳೆದರೆ ಬೆನ್ನು ಹಿಡಿದುಕೊಳ್ಳುತ್ತದೆ. ಮಂಡಿ ಮಡಚಿ ಮೈಭಾರ ಹಿಂದಕ್ಕೆ ಬಿಡಬೇಕು, ಆಗ ಹಾಯಿ ನಿಧಾನಕ್ಕೆ ಮೇಲೆ ಬರುತ್ತದೆ. ಮೂರನೇ ದಿನ ತಿರುಗಿಸುವುದು ಬಂತು. ಇದಕ್ಕೆ ಚುಕ್ಕಾಣಿ ಇಲ್ಲ. ಹಾಯಿಯನ್ನು ಹಿಂದಕ್ಕೆ ವಾಲಿಸಿದರೆ ಬೋರ್ಡಿನ ಮೂತಿ ಗಾಳಿ ಬರುವ ಕಡೆಗೆ ತಿರುಗುತ್ತದೆ, ಮುಂದಕ್ಕೆ ವಾಲಿಸಿದರೆ ಗಾಳಿ ಹೋಗುವ ಕಡೆಗೆ. ಹಾಯಿಯ ಕಂಬದ ಬುಡದಲ್ಲಿ ಎಲ್ಲ ಕಡೆಗೂ ಬಾಗುವ ಕೀಲು ಇದೆಯಲ್ಲ, ಎಲ್ಲ ಅದರಿಂದಲೇ.

ಅಮೆರಿಕದ ನ್ಯೂಮನ್ ಡಾರ್ಬಿ ಹಲಗೆಗೆ ಹಾಯಿ ಕಟ್ಟಿದ್ದು 1964ರಲ್ಲಿ. ಈ ಹಿನ್ನೀರು ನಿಲ್ಲಿಸಿದ ನಮ್ಮ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದೂ ಅದೇ ವರ್ಷ! ಆಮೇಲೆ ಜಿಮ್ ಡ್ರೇಕ್, ಹಾಯ್ಲ್ ಶ್ವೈಟ್ಜರ್ ಸೇರಿ ಪೇಟೆಂಟ್ ಮಾಡಿಸಿದರು. ಯುರೋಪಿನಲ್ಲಿ ಕೆರೆ, ಸರೋವರ ಎಲ್ಲೆಲ್ಲೂ ಹಾಯಿಗಳೇ ಆದವು. 1984ರಲ್ಲಿ ಒಲಿಂಪಿಕ್ಸಿಗೂ ಬಂತು.

ಇಷ್ಟು ಮೇಲೇರಿದ ಆಟ ಮತ್ತೆ ಇಳಿದದ್ದು ಏಕೆ? ಕಂಪನಿಗಳು, ಪತ್ರಿಕೆಗಳು ಎಲ್ಲ ವೇಗದ ಬೆನ್ನು ಹತ್ತಿದವು. ಬೋರ್ಡ್ ಚಿಕ್ಕದಾಯಿತು, ಸಾಮಾನು ದುಬಾರಿಯಾಯಿತು, ಬಿರುಗಾಳಿ ಇಲ್ಲದಿದ್ದರೆ ಆಟವೇ ಇಲ್ಲ ಅನ್ನುವಂತಾಯಿತು. ಆಮೇಲೆ ದೊಡ್ಡ ಗಾಳಿಪಟ ಹಿಡಿದು ಓಡುವ ಕೈಟ್‌ಸರ್ಫಿಂಗ್ ಬಂದು ಜನರನ್ನು ಸೆಳೆಯಿತು.

ಅದೇ ತಪ್ಪನ್ನು ನಾನೂ ಮಾಡಿದೆ. ಸೆಕೆಂಡ್ ಹ್ಯಾಂಡ್‌ನಲ್ಲಿ 80 ಲೀಟರಿನ ಚಿಕ್ಕ ಬೋರ್ಡ್ ತಂದೆ. 80 ಲೀಟರ್ ಅಂದರೆ ಸುಮಾರು 80 ಕೆ.ಜಿ. ಹೊರುತ್ತದೆ, ಅದರಲ್ಲಿ ಬೋರ್ಡ್, ಹಾಯಿಯ ತೂಕವೂ ಸೇರಿತು. ನಾನೇ 74 ಕೆ.ಜಿ. ನಿಂತರೆ ಮುಳುಗುತ್ತಿತ್ತು. ಅದು ಓಡಬೇಕಾದರೆ ಜೋರು ಗಾಳಿ ಒಂದೇ ಸಮ ಬೀಸಬೇಕು. ನಮ್ಮಲ್ಲಿ ಗುಡ್ಡದ ಸಂದಿನಿಂದ ಬರುವ ಗಾಳಿ ಬಿಟ್ಟು ಬಿಟ್ಟು ಬೀಸುತ್ತದೆ. ಎರಡು ಚಳಿಗಾಲ ಸುಮ್ನೆ ಕಳೆದುಹೋಯಿತು. ದಡದಲ್ಲಿ ಕೂತು ಗಾಳಿ ಕಾಯುವುದು ಆಟ ಅಲ್ಲ, ಅಲ್ವಾ? ಅದನ್ನು ಮಾರಿ ಉದ್ದದ ಬೋರ್ಡಿಗೇ ಬಂದೆ. ಈಗ ಎಲೆ ಅಲ್ಲಾಡುವಷ್ಟು ಗಾಳಿ ಇದ್ದರೂ ನೀರಿನ ಮೇಲೆ ಇರುತ್ತೇನೆ.

ಹೊರದೇಶಗಳಲ್ಲೂ ಉದ್ದದ ಬೋರ್ಡುಗಳು ಮತ್ತೆ ಬರುತ್ತಿವೆ ಅಂತ ಕೇಳಿ ತುಂಬಾ ಖುಷಿಯಾಯಿತು. ಇನ್ನೊಂದು ಕಡೆ ಫಾಯಿಲ್ ಬಂದಿದೆ. ನೀರಿನಡಿಯ ರೆಕ್ಕೆ ಬೋರ್ಡನ್ನೇ ಮೇಲಕ್ಕೆತ್ತುತ್ತದೆ, ಕಡಿಮೆ ಗಾಳಿಯಲ್ಲೂ ಹಾರಿದ ಹಾಗೆ ಓಡುತ್ತದೆ. 2024ರ ಒಲಿಂಪಿಕ್ಸ್ ನಡೆದದ್ದು ಅದರಲ್ಲೇ. ನನಗೂ ಆಸೆ ಇದೆ. ಆದರೆ ಆ ರೆಕ್ಕೆ ಹೆಚ್ಚುಕಡಿಮೆ ಒಂದು ಮೀಟರ್ ಕೆಳಗಿರುತ್ತದೆ, ನಮ್ಮ ಹಿನ್ನೀರಿನ ತುಂಬ ಮುಳುಗಿದ ಮರದ ಬೊಡ್ಡೆಗಳು. ಆ ವೇಗದಲ್ಲಿ ತಾಗಿದರೆ ಲೈಫ್ ಜಾಕೆಟ್ ಕೂಡ ಕಾಯದು.

ಚಿಕ್ಕಪ್ಪನಿಗೆ ಮುಳುಗಡೆಗೆ ಮುಂಚಿನ ಊರು ಗೊತ್ತು. "ತಮಾ, ಆ ಕಡೆ ಹೋಗಬೇಡ, ಅಲ್ಲಿ ದೊಡ್ಡ ಕಾಡಿತ್ತು" ಅಂತ ದಡದಿಂದಲೇ ಕೈ ತೋರಿಸುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಅವರ ಜೊತೆ ಹೋಗಿ ಒಂದೊಂದೇ ಬೊಡ್ಡೆ ಗುರುತು ಮಾಡುತ್ತಿದ್ದೇನೆ.