ಮಾಮನ ಹಳದಿ ಬೋರ್ಡು, ನನ್ನ ಕಮರ್ಷಿಯಲ್ ಪೈಲಟ್ ಓರಲ್

ಕಮರ್ಷಿಯಲ್ ಪೈಲಟ್ ಪರೀಕ್ಷೆಗೆ ಮೂರು ವಾರ ಇರುವಾಗ ನನ್ನ ಇನ್‌ಸ್ಟ್ರಕ್ಟರ್ ಒಂದು ಮಾಕ್ ಓರಲ್, ಅಂದ್ರೆ ಅಭ್ಯಾಸದ ಮೌಖಿಕ ಪರೀಕ್ಷೆ ಮಾಡಿದರು. ಮೊದಲ ಪ್ರಶ್ನೆಯೇ ಇದು: "ನಾನೊಬ್ಬ ಫೋಟೋಗ್ರಾಫರ್. ನನ್ನನ್ನೂ ನನ್ನ ಕ್ಯಾಮೆರಾ ಸಾಮಾನನ್ನೂ ಫ್ಲ್ಯಾಗ್‌ಸ್ಟಾಫ್‌ಗೆ ಬಿಟ್ಟು ಬನ್ನಿ. 500 ಡಾಲರ್ ಕೊಡ್ತೀನಿ. ಹೋಗ್ತೀರಾ?"

ಕಮರ್ಷಿಯಲ್ ಸರ್ಟಿಫಿಕೇಟ್ ಅಂದ್ರೆ ದುಡ್ಡು ತಗೊಂಡು ಹಾರಿಸೋ ಹಕ್ಕು, ಅಲ್ವಾ? "ಹೋಗ್ತೀನಿ" ಅಂದೆ.

"ವಿಮಾನ ಯಾರದು?"

"ನಾನೇ ಬಾಡಿಗೆಗೆ ತರ್ತೀನಿ."

ಅವರು ಪೆನ್ನು ಕೆಳಗಿಟ್ಟರು. "ಇದೇ ಉತ್ತರ ಎಕ್ಸಾಮಿನರ್ ಹತ್ತಿರ ಹೇಳಿದರೆ ಅವತ್ತು ನೀವು ವಿಮಾನ ಹತ್ತೋದೇ ಇಲ್ಲ" ಅಂದರು.

ಅಮೆರಿಕದಲ್ಲಿ ಈ ಪರೀಕ್ಷೆಗೆ ಎರಡು ಭಾಗ. ಮೊದಲು ಎಕ್ಸಾಮಿನರ್ ಎದುರು ಕೂತು ಉತ್ತರ ಹೇಳಬೇಕು, ಆಮೇಲೆ ಹಾರಿಸಿ ತೋರಿಸಬೇಕು. ನಾನು ಕಲಿತದ್ದು ಅರಿಜೋನಾದ ಫೀನಿಕ್ಸ್ ಹತ್ತಿರ, ಡೀರ್ ವ್ಯಾಲಿ ಏರ್‌ಪೋರ್ಟಿನಲ್ಲಿ. 250 ಗಂಟೆ ಹಾರಾಟ ತುಂಬಿತ್ತು. ಹೊರಗೆ ಕಾಣದಿದ್ದರೂ ಉಪಕರಣ ನೋಡಿಯೇ ಹಾರಿಸೋ ಇನ್‌ಸ್ಟ್ರುಮೆಂಟ್ ರೇಟಿಂಗ್ ಇತ್ತು. ಬರವಣಿಗೆಯ ಪರೀಕ್ಷೆ ಪಾಸಾಗಿತ್ತು. ಶಾಂಡೆಲ್, ಲೇಜಿ ಏಟ್ ಅನ್ನೋ ಹಾರಾಟದ ಕಸರತ್ತುಗಳೆಲ್ಲ ಕೈಗೆ ಕೂತಿದ್ದವು. ನಿಯಮದ ನಂಬರುಗಳೂ ಬಾಯಿಪಾಠ. ಆದರೆ ಆ ನಿಯಮ ಯಾಕಿದೆ ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಅವತ್ತು ಸಂಜೆ ಏಳಕ್ಕೆ ಹಾಸನಕ್ಕೆ ಫೋನ್ ಮಾಡಿದೆ. ಅಲ್ಲಿ ಮರುದಿನ ಬೆಳಗ್ಗೆ ಏಳೂವರೆ. ನಮ್ಮ ಮಾಮ ಟೆಂಪೋ ಟ್ರಾವೆಲರ್ ಓಡಿಸ್ತಾರೆ. ಬೇಲೂರಿಗೆ ಹೋಗೋ ಪಾರ್ಟಿಗೆ ಕಾಯ್ತಾ ಟೀ ಕುಡೀತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಅಲ್ಲ ಪುಟ್ಟಿ, ನನ್ನ ಹತ್ರ ಬ್ಯಾಡ್ಜ್ ಇದ್ರೆ ಸಾಕಾ? ಗಾಡಿಗೆ ಪರ್ಮಿಟ್ ಬೇಡ್ವಾ?"

ನಾನು ಎದ್ದು ನಿಂತೆ. ಇಡೀ ವಿಷಯ ಅದೇ. ಕಮರ್ಷಿಯಲ್ ಸರ್ಟಿಫಿಕೇಟ್ ಅಂದ್ರೆ ಡ್ರೈವರ್ ಬ್ಯಾಡ್ಜ್. ನನ್ನ ಕೆಲಸಕ್ಕೆ ಸಂಬಳ ತಗೋಬಹುದು, ಅಷ್ಟೇ. ವಿಮಾನವನ್ನೂ ನಾನೇ ತಂದು, ಕರೆದವರನ್ನು ಹತ್ತಿಸಿಕೊಂಡು ಊರಿಂದೂರಿಗೆ ಬಿಟ್ಟರೆ ಅದು ಹಳದಿ ಬೋರ್ಡಿನ ವ್ಯವಹಾರ. ಅದಕ್ಕೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯಿಂದ ಬೇರೆಯೇ ಆಪರೇಟಿಂಗ್ ಸರ್ಟಿಫಿಕೇಟ್ ಬೇಕು. ಅದೇ ಒಂದು ಕಂಪನಿ ತನ್ನ ಸ್ವಂತ ವಿಮಾನದಲ್ಲಿ ತನ್ನ ಜನರನ್ನು ಕರ್ಕೊಂಡು ಹೋಗೋಕೆ ನನ್ನನ್ನು ಕರೆದರೆ? ಆಗ ನಾನು ಆ್ಯಕ್ಟಿಂಗ್ ಡ್ರೈವರ್. ಗಾಡಿ ಅವರದು, ನನ್ನದು ಸ್ಟೀರಿಂಗ್ ಮಾತ್ರ. ಅದು ಸರಿ.

ಎಫ್‌ಎಎ 1986ರ ಒಂದು ಸುತ್ತೋಲೆಯಲ್ಲಿ ಈ ಹಳದಿ ಬೋರ್ಡಿನ ವ್ಯವಹಾರದ ನಾಲ್ಕು ಗುರುತುಗಳನ್ನು ಹೇಳಿದೆ. ನಾನು ಒಯ್ತೀನಿ ಅಂತ ಜನಕ್ಕೆ ತೋರಿಸಿಕೊಳ್ಳೋದು, ಜನರನ್ನೋ ಸಾಮಾನನ್ನೋ ಸಾಗಿಸೋದು, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ, ಅದೂ ಪ್ರತಿಫಲಕ್ಕೆ. ಮೊದಲನೆಯದಕ್ಕೆ ಬೋರ್ಡು ಹಾಕಲೇಬೇಕು ಅಂತಿಲ್ಲ. "ಅವಳನ್ನು ಕೇಳಿದ್ರೆ ಕರ್ಕೊಂಡು ಹೋಗ್ತಾಳೆ" ಅಂತ ಹೆಸರು ಹಬ್ಬಿದರೂ ಸಾಕು. ಮಾಮನಿಗೆ ಇದನ್ನು ಹೇಳಿದಾಗ, "ನಮ್ಮಲ್ಲೂ ಬಿಳಿ ಬೋರ್ಡಲ್ಲಿ ಬಾಡಿಗೆ ಹೊಡೆಯೋರು ಹಾಗೇ" ಅಂದರು.

ಅವತ್ತಿನಿಂದ ನನ್ನ ಓದು ಬದಲಾಯಿತು. ದಿನಾ ಸಂಜೆ ಒಂದು ವಿಷಯ ತಗೊಂಡು ಅಪ್ಪನಿಗೋ ಮಾಮನಿಗೋ ಕನ್ನಡದಲ್ಲಿ ವಿವರಿಸುತ್ತಿದ್ದೆ. ಅವರು ಫೋನ್ ಎತ್ತದಿದ್ದರೆ ಗೋಡೆಗೆ. ಇಂಗ್ಲಿಷಿನಲ್ಲಿ ಪುಸ್ತಕದ ವಾಕ್ಯ ತಾನಾಗಿ ಬಾಯಿಗೆ ಬರುತ್ತೆ, ಅರ್ಥವಾಗದಿದ್ದರೂ ಬರುತ್ತೆ. ಕನ್ನಡದಲ್ಲಿ ಆ ಸೌಲಭ್ಯ ಇಲ್ಲ. ಅರ್ಥವಾಗದ ಜಾಗಕ್ಕೆ ಬಂದ ಕೂಡಲೇ ಮಾತು ನಿಲ್ಲುತ್ತಿತ್ತು. ನಿಂತಲ್ಲಿ ಪೆನ್ಸಿಲ್ ಗುರುತು ಹಾಕಿ ಮತ್ತೆ ಓದುತ್ತಿದ್ದೆ.

ಜಾಸ್ತಿ ಸಲ ನಿಂತದ್ದು ಪ್ರೊಪೆಲ್ಲರ್ ಹತ್ತಿರ. ನಾನು ಹಾರಿಸುತ್ತಿದ್ದದ್ದು ಪೈಪರ್ ಆ್ಯರೋ ಅನ್ನೋ ಒಂದೇ ಎಂಜಿನ್ನಿನ ಚಿಕ್ಕ ವಿಮಾನ. ಅದರಲ್ಲಿ ಎಂಜಿನ್ ಆಯಿಲ್ಲಿನ ಒತ್ತಡವೇ ಪ್ರೊಪೆಲ್ಲರ್ ರೆಕ್ಕೆಯ ಕೋನ ಬದಲಿಸುತ್ತೆ. ಆಯಿಲ್ ಒತ್ತಡ ಹೋದರೆ ಏನಾಗುತ್ತೆ? "ಲೋ ಪಿಚ್, ಹೈ ಆರ್‌ಪಿಎಂ" ಅಂತ ಗಿಳಿಪಾಠ ಒಪ್ಪಿಸುತ್ತಿದ್ದೆ. ಅಪ್ಪ "ಯಾಕೆ?" ಅಂದಾಗ ಉತ್ತರ ಇರಲಿಲ್ಲ. ಹ್ಯಾಂಗರಿಗೆ ಹೋಗಿ ಮೆಕ್ಯಾನಿಕ್ ಹತ್ತಿರ ಕೇಳಿದೆ. ಬಿಚ್ಚಿಟ್ಟಿದ್ದ ಒಂದು ಹಬ್ ತೋರಿಸಿದರು. ಒಳಗೆ ಸ್ಪ್ರಿಂಗು. ಆಯಿಲ್ ತಳ್ಳಿದಾಗ ರೆಕ್ಕೆಯ ಕೋನ ಜಾಸ್ತಿ ಆಗುತ್ತೆ. ಆಯಿಲ್ ಇಲ್ಲದಾಗ ಸ್ಪ್ರಿಂಗ್ ಅದನ್ನು ವಾಪಸ್ ತಳ್ಳುತ್ತೆ. ರೆಕ್ಕೆ ಚಪ್ಪಟೆಯಾಗಿ ಗಾಳಿಯನ್ನು ಕಡಿಮೆ ಕಚ್ಚುತ್ತೆ, ಅದಕ್ಕೇ ಜೋರಾಗಿ ಸುತ್ತುತ್ತೆ. ಆ ಸ್ಪ್ರಿಂಗನ್ನು ಬೆರಳಿನಿಂದ ಒತ್ತಿ ನೋಡಿದೆ, ಅಲ್ಲಾಡಲಿಲ್ಲ.

ಉಳಿದದ್ದನ್ನು ಬೇಗ ಹೇಳ್ತೀನಿ. ಬರವಣಿಗೆಯ ಪರೀಕ್ಷೆಯಲ್ಲಿ ತಪ್ಪಿದ ಪ್ರಶ್ನೆಗಳ ಕೋಡ್ ರಿಪೋರ್ಟಿನಲ್ಲಿ ಬರುತ್ತೆ. ಎಕ್ಸಾಮಿನರ್ ಅದನ್ನು ಕೇಳಿಯೇ ಕೇಳ್ತಾರೆ, ಅಲ್ಲಿಂದ ಓದು ಶುರು ಮಾಡಿ. ಪರೀಕ್ಷೆಯಲ್ಲಿ ಏನೇನು ನೋಡ್ತಾರೆ ಅನ್ನೋ ಪಟ್ಟಿ (ಎಸಿಎಸ್) ಎಫ್‌ಎಎ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ. ವಿಮಾನದ ಲಾಗ್‌ಬುಕ್‌ಗಳನ್ನು ಹಿಂದಿನ ದಿನವೇ ತರಿಸಿಕೊಳ್ಳಿ. ಆ್ಯನ್ಯುಯಲ್ ಅಂದ್ರೆ ವರ್ಷದ ತಪಾಸಣೆ, 100 ಗಂಟೆ ಹಾರಾಟಕ್ಕೊಮ್ಮೆಯ ಇನ್‌ಸ್ಪೆಕ್ಷನ್, ರಾಡಾರಿಗೆ ವಿಮಾನದ ಗುರುತು ಕಳಿಸೋ ಟ್ರಾನ್ಸ್‌ಪಾಂಡರಿಗೆ 24 ತಿಂಗಳಿಗೊಮ್ಮೆ ಮಾಡಿಸೋ ಪರೀಕ್ಷೆ, ಅಪಘಾತವಾದರೆ ಜಾಗ ತಿಳಿಸೋ ಇಎಲ್‌ಟಿಯ 12 ತಿಂಗಳಿಗೊಮ್ಮೆಯ ತಪಾಸಣೆ, ಎಲ್ಲಕ್ಕೂ ಬಣ್ಣದ ಚೀಟಿ ಅಂಟಿಸಿ. ನನಗೆ ಟ್ರಾನ್ಸ್‌ಪಾಂಡರ್ ಎಂಟ್ರಿ ಹುಡುಕೋಕೇ ಮುಕ್ಕಾಲು ಗಂಟೆ ಹಿಡಿಯಿತು, ಅದು ಬೇರೆ ಪುಸ್ತಕದಲ್ಲಿತ್ತು. ಎಕ್ಸಾಮಿನರ್ ಎದುರು ಹಾಗೆ ಹುಡುಕುತ್ತಾ ಕೂತಿದ್ದರೆ ಧೈರ್ಯವೆಲ್ಲ ಅಲ್ಲೇ ಹೋಗುತ್ತಿತ್ತು.

ಪರೀಕ್ಷೆಯ ದಿನ ಬೆಳಗ್ಗೆ ಎಂಟಕ್ಕೆ ಕೂತೆವು. ಎಕ್ಸಾಮಿನರ್ ಮೊದಲೇ ಕೊಟ್ಟಿದ್ದ ಪ್ಲಾನ್ ಡೀರ್ ವ್ಯಾಲಿಯಿಂದ ಫ್ಲ್ಯಾಗ್‌ಸ್ಟಾಫ್‌ಗೆ, ಸುಮಾರು 90 ನಾಟಿಕಲ್ ಮೈಲಿ. ಆ ಏರ್‌ಪೋರ್ಟ್ ಇರೋದು 7,014 ಅಡಿ ಎತ್ತರದಲ್ಲಿ. "ಮಧ್ಯಾಹ್ನ ಅಲ್ಲಿ 30 ಡಿಗ್ರಿ ಇದ್ದರೆ?" ಅಂದರು. ಆ ಎತ್ತರಕ್ಕೆ ಸ್ಟ್ಯಾಂಡರ್ಡ್ ಉಷ್ಣಾಂಶ 1 ಡಿಗ್ರಿ. 29 ಡಿಗ್ರಿ ಜಾಸ್ತಿ, ಡಿಗ್ರಿಗೆ 120 ಅಡಿ ಅಂತ ಕೂಡಿದೆ. ಡೆನ್ಸಿಟಿ ಆಲ್ಟಿಟ್ಯೂಡ್ ಸುಮಾರು 10,500 ಅಡಿ, ಅಂದ್ರೆ ಬಿಸಿಗೆ ಗಾಳಿ ತೆಳುವಾಗಿ ವಿಮಾನಕ್ಕೆ ಅಷ್ಟು ಎತ್ತರದಲ್ಲಿದ್ದ ಹಾಗೆ. ಟರ್ಬೊ ಇಲ್ಲದ ನಮ್ಮ ಆ್ಯರೋಗೆ ಅಲ್ಲಿಂದ ತುಂಬಿದ ಲೋಡಿನಲ್ಲಿ ಏರೋದು ಕಷ್ಟ. "ಮಧ್ಯಾಹ್ನ ಹೊರಡಲ್ಲ. ಬೆಳಗಿನ ತಂಪಲ್ಲಿ, ಲೋಡ್ ಕಡಿಮೆ ಮಾಡಿ ಹೊರಡ್ತೀನಿ" ಅಂದೆ. ತಲೆಯಾಡಿಸಿದರು.

ಆಮೇಲೆ ನಾನು ಕಾಯುತ್ತಿದ್ದ ಪ್ರಶ್ನೆ ಬಂತು, ಸ್ವಲ್ಪ ತಿರುವಿನ ಜೊತೆ. ಫೋಟೋಗ್ರಾಫರನ್ನು ಫ್ಲ್ಯಾಗ್‌ಸ್ಟಾಫಿನಲ್ಲಿ ಇಳಿಸೋದಲ್ಲ. ಆತ ಮೇಲಿನಿಂದಲೇ ಫೋಟೋ ತೆಗೆದು ಡೀರ್ ವ್ಯಾಲಿಗೇ ವಾಪಸ್ ಬರ್ತಾನೆ. "ಈಗ ಹೋಗ್ತೀರಾ?"

"ಹೋಗ್ತೀನಿ. ಏರಿಯಲ್ ಫೋಟೋಗ್ರಫಿಗೆ ಆಪರೇಟಿಂಗ್ ಸರ್ಟಿಫಿಕೇಟ್ ಬೇಡ. ಎಫ್‌ಎಎ ನಿಯಮ 119.1ರಲ್ಲಿ ವಿನಾಯಿತಿ ಇದೆ."

"ಯಾಕೆ ವಿನಾಯಿತಿ?"

"ಅವರು ಕೊಡ್ತಿರೋದು ಮೇಲಿಂದ ಮಾಡೋ ಕೆಲಸಕ್ಕೆ. ನಾನು ಅವರನ್ನು ಒಂದು ಊರಿಂದ ಇನ್ನೊಂದು ಊರಿಗೆ ಸಾಗಿಸ್ತಿಲ್ಲ."

ಒಂದು ಪ್ರಶ್ನೆಗೆ ಮಾತ್ರ ಉತ್ತರ ಹೊಳೆಯಲಿಲ್ಲ. 100 ಗಂಟೆಯ ಇನ್‌ಸ್ಪೆಕ್ಷನ್ನನ್ನು ಮೀರಿ ಎಷ್ಟು ಹಾರಿಸಬಹುದು? ನೆನಪಿನಿಂದ ಹೇಳಲು ಹೋಗಲಿಲ್ಲ. "ಪುಸ್ತಕ ನೋಡಿ ಹೇಳ್ತೀನಿ" ಅಂತ ನಿಯಮ 91.409 ತೆಗೆದೆ. 10 ಗಂಟೆ, ಅದೂ ಇನ್‌ಸ್ಪೆಕ್ಷನ್ ಮಾಡಿಸೋ ಜಾಗಕ್ಕೆ ತಲುಪಲು ಮಾತ್ರ. ಪುಸ್ತಕ ನೋಡಬಾರದು ಅಂತ ಅವರು ಹೇಳಲಿಲ್ಲ.

ಹತ್ತೂಕಾಲಿಗೆ ಕುರ್ಚಿ ಹಿಂದೆ ಸರಿಸಿ, "ಹೋಗಿ ಪ್ರೀಫ್ಲೈಟ್ ಮಾಡಿ, ನಾನು ಬರ್ತೀನಿ" ಅಂದರು. ಲಾಗ್‌ಬುಕ್‌ಗಳನ್ನು ಬ್ಯಾಗಿಗೆ ತುಂಬಿ ಬಿಸಿಲಿಗೆ ಬಂದೆ. ಹಾಸನದಲ್ಲಿ ರಾತ್ರಿ ಹತ್ತೂಮುಕ್ಕಾಲು. ಮಾಮನಿಗೆ "ಓರಲ್ ಆಯ್ತು" ಅಂತ ಒಂದು ಮೆಸೇಜ್ ಹಾಕಿ ಫೋನ್ ಆಫ್ ಮಾಡಿದೆ. ಎಡ ರೆಕ್ಕೆಯ ಕೆಳಗೆ ಕೂತು ಪೆಟ್ರೋಲ್ ಸ್ಯಾಂಪಲ್ ತೆಗೆದು ಬೆಳಕಿಗೆ ಹಿಡಿದೆ. ನೀಲಿ ಬಣ್ಣ, ತಳದಲ್ಲಿ ನೀರಿಲ್ಲ.