ಫಾರ್ಮ್ಯಾಟ್ ಮಾಡಲಾ ಅಂತ ಕೇಳಿದ ಡಿಸ್ಕಿನಿಂದ ಎಂಟು ವರ್ಷದ ಫೋಟೋ ತೆಗೆದದ್ದು

ಫೋನಿನಲ್ಲಿ ಅಕ್ಕನ ದನಿ ನಡುಗುತ್ತಿತ್ತು. "ಡಿಸ್ಕ್ ಹಾಕಿದ್ರೆ ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತಿದೆ ಕಣೋ. ಯೆಸ್ ಒತ್ತಲಾ?" ಮಕ್ಕಳ ಎಂಟು ವರ್ಷದ ಫೋಟೋ, ವಿಡಿಯೋ ಎಲ್ಲಾ ಅದೊಂದರಲ್ಲೇ ಇತ್ತು. ಬೇರೆ ಕಾಪಿ ಇರಲಿಲ್ಲ.

"ಏನೂ ಒತ್ತಬೇಡ. ಕೇಬಲ್ ತೆಗೆದು ಪಕ್ಕಕ್ಕಿಡು. ನಾನು ಬರೋವರೆಗೂ ಮತ್ತೆ ಹಾಕಬೇಡ" ಅಂದೆ.

ಈ ಮಾತು ಕಲಿತದ್ದು ನನ್ನದೇ ಒಂದು ಡ್ರೈವ್ ಕಳೆದುಕೊಂಡು. ಅದು ಟಕ್ ಟಕ್ ಅಂತ ಸದ್ದು ಮಾಡುತ್ತಿತ್ತು. ಇನ್ನೊಂದು ಸಲ ನೋಡೋಣ, ಇನ್ನೊಂದು ಸಲ ನೋಡೋಣ ಅಂತ ಎರಡು ದಿನ ಆನ್ ಮಾಡಿದೆ, ಆಫ್ ಮಾಡಿದೆ. ಕೊನೆಗೆ ರಿಕವರಿ ಲ್ಯಾಬಿಗೆ ಕೊಟ್ಟಾಗ, ಹೆಡ್ (ಡೇಟಾ ಓದುವ ಪುಟ್ಟ ಭಾಗ) ತಗುಲಿ ಪ್ಲಾಟರ್ (ಡೇಟಾ ಇರುವ ತಟ್ಟೆ) ತುಂಬಾ ಗೀರು ಬಿದ್ದಿದೆ, ಏನೂ ಸಿಗಲ್ಲ ಅಂದರು. ಡಿಸ್ಕಿನ ಒಳಗಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಹೆಡ್ ಅದಕ್ಕಿಂತ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ಹೆಡ್ ಕೆಟ್ಟ ಮೇಲೆ ಪ್ರತಿ ಸಲ ಆನ್ ಮಾಡಿದಾಗಲೂ ಅದು ಡೇಟಾ ಇರುವ ಪದರವನ್ನೇ ಕೆರೆದು ಹಾಕಬಹುದು. ಹಾಗಾಗಿ ಟಕ್ ಟಕ್ ಸದ್ದು ಬಂದರೆ, ಅಥವಾ ಡ್ರೈವ್ ತಿರುಗುವುದೇ ಇಲ್ಲ ಅಂದರೆ, ಈಗ ನಾನು ಕೈ ಹಾಕುವುದಿಲ್ಲ. ಅದು ಕ್ಲೀನ್ ರೂಮ್, ಅಂದರೆ ಧೂಳೇ ಇಲ್ಲದ ಕೋಣೆ, ಇರುವವರ ಕೆಲಸ. ಫ್ರೀಜರಿನಲ್ಲಿ ಇಡುವುದು, ಮುಚ್ಚಳ ಬಿಚ್ಚುವುದು ಇವನ್ನೆಲ್ಲ ದಯವಿಟ್ಟು ಮಾಡಬೇಡಿ.

ಅಕ್ಕನ ಡ್ರೈವನ್ನು ಮೇಜಿನ ಮೇಲಿಟ್ಟು ಕಿವಿಗೊಟ್ಟು ಕೇಳಿದೆ. ಒಂದೇ ಸಮನೆ ಗುಂಯ್ ಅನ್ನುತ್ತಿತ್ತು. ನಡುನಡುವೆ ಸ್ವಲ್ಪ ತಡವರಿಸುತ್ತಿತ್ತು, ಅಷ್ಟೇ. ಪ್ರಯತ್ನಿಸಬಹುದು ಅನ್ನಿಸಿತು.

ಅದು 1 ಟಿಬಿ ಎಕ್ಸ್‌ಟರ್ನಲ್ ಡ್ರೈವ್. ಡಬ್ಬಿ ಬಿಚ್ಚಿದರೆ ಒಳಗೆ ಮಾಮೂಲಿ ಸಾಟಾ ಕನೆಕ್ಟರ್ (ಕಂಪ್ಯೂಟರಿನ ಒಳಗೆ ಡಿಸ್ಕ್ ಜೋಡಿಸುವಂಥದ್ದು) ಇತ್ತು. ಎಲ್ಲದರಲ್ಲೂ ಹೀಗಿರಲ್ಲ. ಕೆಲವಕ್ಕೆ ಯುಎಸ್‌ಬಿ ಪೋರ್ಟನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಇನ್ನು ಕೆಲವು ಡಬ್ಬಿಯೊಳಗಿನ ಎಲೆಕ್ಟ್ರಾನಿಕ್ ಚಿಪ್‌ನಲ್ಲೇ ಡೇಟಾವನ್ನು ಎನ್‌ಕ್ರಿಪ್ಟ್ (ಗುಪ್ತ ಸಂಕೇತ) ಮಾಡುತ್ತವೆ, ಅಲ್ಲಿ ಡಬ್ಬಿ ಬಿಟ್ಟು ಓದಿದರೆ ಬರೀ ಕಸ ಸಿಗುತ್ತದೆ. ಇದನ್ನು ನೇರವಾಗಿ ಕಂಪ್ಯೂಟರಿನ ಸಾಟಾಗೆ ಜೋಡಿಸಿ, ಪೆನ್ ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿದೆ. ವಿಂಡೋಸ್ ಆಗಿದ್ದರೆ ಡಿಸ್ಕ್ ಕಂಡ ತಕ್ಷಣ ಅದನ್ನು ತೆರೆಯಲು ಹೋಗುತ್ತದೆ, ರಿಪೇರಿ ಮಾಡಲಾ ಅನ್ನುತ್ತದೆ. ಅದರ ಚೆಕ್‌ಡಿಸ್ಕ್ ಅನ್ನು ರಿಪೇರಿಗೆ ಬಿಟ್ಟರಂತೂ ಆ ಸಾಯುತ್ತಿರುವ ಡಿಸ್ಕಿನ ಮೇಲೇ ಬರೆಯುತ್ತದೆ. ಇಂಥ ಹೊತ್ತಿನಲ್ಲಿ ಅದು ಬೇಡವೇ ಬೇಡ.

ಸ್ಮಾರ್ಟ್‌ಸಿಟಿಎಲ್ ಅನ್ನುವ ತಂತ್ರಾಂಶ ಹಾಕಿ ಡ್ರೈವಿನ ಆರೋಗ್ಯ ನೋಡಿದೆ. ನಾನು ಮೊದಲು ಕಣ್ಣು ಹಾಯಿಸುವುದು 5 ಮತ್ತು 197 ಸಂಖ್ಯೆಯ ಸಾಲುಗಳ ಮೇಲೆ. 5 ಅಂದರೆ ಕೆಟ್ಟು ಹೋಗಿ ಬೇರೆ ಕಡೆಗೆ ಬದಲಾಯಿಸಿದ ಸೆಕ್ಟರುಗಳು (ಡಿಸ್ಕಿನಲ್ಲಿ ಡೇಟಾ ಇಡುವ ಪುಟ್ಟ ಜಾಗಗಳು). 197 ಅಂದರೆ ಓದಲು ಆಗದೆ ಬಾಕಿ ಉಳಿದ ಸೆಕ್ಟರುಗಳು. ಇಲ್ಲಿ 197ರ ಮುಂದೆ 1184 ಅಂತ ಇತ್ತು. ತಡ ಮಾಡುವ ಹಾಗಿರಲಿಲ್ಲ.

ಫೈಲುಗಳನ್ನು ಒಂದೊಂದಾಗಿ ಕಾಪಿ ಮಾಡಲು ಹೋಗಲಿಲ್ಲ. ಹಾಗೆ ಮಾಡಿದರೆ ಕೆಟ್ಟ ಜಾಗ ಸಿಕ್ಕ ಕೂಡಲೇ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಹೆಡ್ ಸುಮ್ನೆ ಅತ್ತಿಂದಿತ್ತ ಓಡಾಡಿ ಸವೆಯುತ್ತದೆ. ನಾನು ನಂಬಿರುವುದು ಜಿಎನ್‌ಯು ಡಿಡಿರೆಸ್ಕ್ಯೂ. ಅದು ಇಡೀ ಡಿಸ್ಕನ್ನು ಒಂದು ಇಮೇಜ್ ಫೈಲಿಗೆ, ಅಂದರೆ ಡಿಸ್ಕಿನ ಯಥಾವತ್ ನಕಲಾದ ಒಂದೇ ಫೈಲಿಗೆ, ಇಳಿಸುತ್ತದೆ. ಸುಲಭವಾಗಿ ಬರುವುದನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ ಜಾಗ ಬಂದರೆ ಹಾರಿ ಮುಂದೆ ಹೋಗುತ್ತದೆ. ಏನು ಸಿಕ್ಕಿತು, ಏನು ಬಿಟ್ಟಿತು ಅನ್ನುವುದನ್ನೆಲ್ಲ ಮ್ಯಾಪ್‌ಫೈಲ್‌ನಲ್ಲಿ ಬರೆದಿಡುತ್ತದೆ. ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಸಬಹುದು. ಮ್ಯಾಪ್‌ಫೈಲ್ ಹೆಸರು ಕೊಡದೆ ಇದನ್ನು ಶುರು ಮಾಡಲೇಬೇಡಿ.

4 ಟಿಬಿಯ ಹೊಸ ಡಿಸ್ಕಿಗೆ ಇಮೇಜ್ ಇಳಿಸಲು ಹಾಕಿದೆ. ಕಷ್ಟದ ಜಾಗಗಳನ್ನು ಕೆರೆಯದೆ ಬಿಡು ಅನ್ನುವ ಆಯ್ಕೆ ಕೊಟ್ಟೆ. ಡ್ರೈವ್ ಬಿಸಿಯಾಗದಿರಲಿ ಅಂತ ಪಕ್ಕದಲ್ಲಿ ಒಂದು ಸಣ್ಣ ಫ್ಯಾನ್ ಇಟ್ಟೆ. ಪರದೆಯ ಮೇಲೆ ಸೆಕೆಂಡಿಗೆ 90 ಎಂಬಿ ಅಂತ ಓಡುತ್ತಿದ್ದದ್ದು ಒಮ್ಮೆಲೇ ಸೊನ್ನೆಗೆ ಇಳಿಯುತ್ತಿತ್ತು. ನಾನು ಉಸಿರು ಬಿಗಿ ಹಿಡಿದು ಕೂರುತ್ತಿದ್ದೆ. ಮತ್ತೆ ಏರುತ್ತಿತ್ತು. ಆರು ಗಂಟೆಯಲ್ಲಿ 99.96 ಶೇಕಡ ಬಂತು. ಕೇಳಲು ಚೆನ್ನಾಗಿದೆ, ಆದರೆ 1 ಟಿಬಿಯಲ್ಲಿ ಉಳಿದ 0.04 ಅಂದರೆ ಸುಮಾರು 400 ಎಂಬಿ. ರಾತ್ರಿ ಮೂರು ಸಲ ಮತ್ತೆ ಪ್ರಯತ್ನಿಸು ಅಂತ ಹೇಳಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ಬಾಕಿ ಇದ್ದದ್ದು 14 ಎಂಬಿ.

ಅಲ್ಲಿಗೆ ಹಳೇ ಡ್ರೈವಿನ ವೈರ್ ತೆಗೆದೆ. ಇಮೇಜಿಗೂ ಒಂದು ಕಾಪಿ ಮಾಡಿ, ಆ ಕಾಪಿಯ ಮೇಲೆ ಟೆಸ್ಟ್‌ಡಿಸ್ಕ್ ಅನ್ನುವ ರಿಕವರಿ ತಂತ್ರಾಂಶ ಓಡಿಸಿದೆ. ಆಗ ಗೊತ್ತಾಯಿತು, ಓದಲಾಗದ ಜಾಗಗಳಲ್ಲಿ ಒಂದು, ಪಾರ್ಟಿಷನ್ನಿನ (ಡಿಸ್ಕಿನಲ್ಲಿ ಫೈಲುಗಳಿಗೆ ಮೀಸಲಾದ ಭಾಗದ) ಮೊಟ್ಟಮೊದಲ ಸೆಕ್ಟರ್. ಎನ್‌ಟಿಎಫ್‌ಎಸ್‌ನ (ವಿಂಡೋಸ್ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಯ) ಬೂಟ್ ಸೆಕ್ಟರ್ ಇರುವುದು ಅಲ್ಲೇ. ಫೈಲುಗಳ ಪಟ್ಟಿ ಎಲ್ಲಿ ಶುರುವಾಗುತ್ತದೆ ಅಂತ ಹೇಳುವುದೇ ಅದು. ಅದೊಂದು ಓದಲು ಬರದಿದ್ದಕ್ಕೆ ವಿಂಡೋಸ್ ಇಡೀ ಡಿಸ್ಕನ್ನು ಖಾಲಿ ಅಂದುಕೊಂಡು ಫಾರ್ಮ್ಯಾಟ್ ಮಾಡಲಾ ಅಂದಿತ್ತು! ಪುಣ್ಯಕ್ಕೆ ಎನ್‌ಟಿಎಫ್‌ಎಸ್ ಇದರ ಇನ್ನೊಂದು ಪ್ರತಿಯನ್ನು ಪಾರ್ಟಿಷನ್ನಿನ ಕೊನೆಯ ಸೆಕ್ಟರಿನಲ್ಲಿ ಇಟ್ಟಿರುತ್ತದೆ. ಟೆಸ್ಟ್‌ಡಿಸ್ಕ್ ಅದನ್ನು ಮುಂದಕ್ಕೆ ನಕಲು ಮಾಡಿತು. ಫೋಲ್ಡರುಗಳು ಹೆಸರಿನ ಸಮೇತ ಸಾಲಾಗಿ ಬಂದವು. ಇಲ್ಲದಿದ್ದರೆ ಫೋಟೋರೆಕ್ ಹಾಕಬೇಕಾಗುತ್ತಿತ್ತು. ಅದು ಫೈಲಿನ ಗುರುತು ನೋಡಿ ಹೆಕ್ಕುತ್ತದೆ, ಆದರೆ ಹೆಸರು, ಫೋಲ್ಡರ್ ಯಾವುದೂ ಉಳಿಯಲ್ಲ.

ಇನ್ನು ಆ 14 ಎಂಬಿ ಯಾವ ಫೈಲುಗಳಿಗೆ ಸೇರಿದ್ದು? ಡಿಡಿರೆಸ್ಕ್ಯೂನಲ್ಲೇ ಇದಕ್ಕೆ ದಾರಿ ಇದೆ. ಕಾಪಿ ಇಮೇಜಿನಲ್ಲಿ ಓದಲಾಗದ ಜಾಗಗಳಿಗೆಲ್ಲ ನಾನು ಕೊಟ್ಟ ಒಂದು ಪದವನ್ನೇ ತುಂಬಿಸಿದೆ. ಆಮೇಲೆ ಯಾವ ಫೈಲಿನಲ್ಲಿ ಆ ಪದ ಇದೆ ಅಂತ ಹುಡುಕಿದೆ. 37 ಫೈಲು. ಒಂದು ಫೋಟೋದಲ್ಲಿ ಅಕ್ಕನ ಚಿಕ್ಕ ಮಗಳ ಮುಖ ಮೂಗಿನವರೆಗೆ ಚೆನ್ನಾಗಿತ್ತು, ಅದರ ಕೆಳಗೆ ಬರೀ ಬೂದು ಬಣ್ಣ.

ಅದನ್ನು ನೋಡಿ ಸುಮ್ಮನಿರಲು ಆಗಲಿಲ್ಲ. ಸಿಕ್ಕಿದ್ದನ್ನೆಲ್ಲ ಎರಡು ಕಡೆ ಇಟ್ಟಾಗಿತ್ತು, ಹಾಗಾಗಿ ಹಳೇ ಡ್ರೈವನ್ನು ಇನ್ನೊಂದು ಸಲ ಕೇಳಬಹುದಿತ್ತು. ಅದೇ ಮ್ಯಾಪ್‌ಫೈಲ್ ಕೊಟ್ಟು, ಈ ಸಲ ಹಿಂದಿನಿಂದ ಮುಂದಕ್ಕೆ ಓದಲು ಹೇಳಿದೆ. ಕೆಟ್ಟ ಜಾಗವನ್ನು ಇನ್ನೊಂದು ತುದಿಯಿಂದ ಮುಟ್ಟಿದಾಗ ಕೆಲವು ಸಲ ಇನ್ನಷ್ಟು ಸಿಗುತ್ತದೆ. 14 ಎಂಬಿ 9 ಆಯಿತು, 6 ಆಯಿತು, 3 ಆಯಿತು. ನಾಲ್ಕನೇ ಗಂಟೆಯಲ್ಲಿ ಡ್ರೈವ್ ಒಂದು ಸಲ ಟಕ್ ಅಂದು ಪಟ್ಟಿಯಿಂದಲೇ ಮಾಯವಾಯಿತು. ಮತ್ತೆ ಏಳಲಿಲ್ಲ.

ಹೊಸ ಇಮೇಜಿನಲ್ಲಿ ಮತ್ತೆ ಹುಡುಕಿದೆ. ಕೆಟ್ಟ ಫೈಲುಗಳು 37ರಿಂದ 9ಕ್ಕೆ ಇಳಿದಿದ್ದವು. ಆ ಫೋಟೋ ತೆರೆದೆ. ಮಗುವಿನ ನಗು ಪೂರ್ತಿ ಇತ್ತು.