ಟಿಟಿಗೆ ಐದನೇ ಚಕ್ರ

ಇದನ್ನು ಬರೆಯಲು ಎರಡು ವರ್ಷಕ್ಕೂ ಹೆಚ್ಚು ಕಾದಿದ್ದೇನೆ. ನಿಜವಾಗಿ ಟೈರ್ ಹೋಗಿ, ನಡುದಾರಿಯಲ್ಲಿ ಸ್ಟೆಪ್ನಿ ಹಾಕಿ, ಅದರ ಮೇಲೇ ಊರು ಸೇರುವ ತನಕ ಬಾಯಿ ಬಿಡಬಾರದು ಅಂತ ಹಟ ಹಿಡಿದಿದ್ದೆ. ಕಳೆದ ಮಳೆಗಾಲದಲ್ಲಿ ಆ ಯೋಗವೂ ಕೂಡಿಬಂತು. ಹಾಗಾಗಿ ಸ್ವಲ್ಪ ಜಂಬ ಕೊಚ್ಚಿಕೊಂಡರೆ ಸಹಿಸಿಕೊಳ್ಳಿ.

ಕಾರು 2011ರ ಆಡಿ ಟಿಟಿ, ಎರಡನೇ ತಲೆಮಾರಿನದು, 2.0 ಟಿಎಫ್‌ಎಸ್‌ಐ ಪೆಟ್ರೋಲ್ ಎಂಜಿನ್, ಕ್ವಾಟ್ರೋ, ಅಂದರೆ ನಾಲ್ಕೂ ಚಕ್ರಕ್ಕೆ ಎಳೆತ. ನನ್ನ ಕೈಗೆ ಬಂದದ್ದು ಸೆಕೆಂಡ್‌ಹ್ಯಾಂಡ್. ನಾಲ್ಕೂ ಕಡೆ 245/40 ಆರ್18 ಟೈರು: ಅಗಲ 245 ಮಿ.ಮೀ., ಪಕ್ಕೆಯ ಎತ್ತರ ಆ ಅಗಲದ ಶೇಕಡ 40, ರಿಮ್ 18 ಇಂಚು. ಡಿಕ್ಕಿಯ ನೆಲದಡಿ ಸ್ಟೆಪ್ನಿ ಇರಬೇಕಾದ ಜಾಗದಲ್ಲಿ ಥರ್ಮೋಕೋಲಿನಂಥ ಒಂದು ತಟ್ಟೆ, ಅದರಲ್ಲಿ ಪುಟ್ಟ ಕಂಪ್ರೆಸರ್, ಜೊತೆಗೆ ಅಂಟಿನ ಬಾಟಲಿ. ಮೊಳೆ ಚುಚ್ಚಿದರೆ ಆ ಬಾಟಲಿ ಸಾಕು. ಆದರೆ ನಮ್ಮ ಗುಂಡಿಗಳು ಚುಚ್ಚುವ ಜಾತಿಯವಲ್ಲ, 40 ಪ್ರೊಫೈಲಿನ ಟೈರಿನ ಪಕ್ಕೆಯನ್ನೇ ಸೀಳುತ್ತವೆ.

2021ರ ಜುಲೈ, ಮೂಡಿಗೆರೆ ದಾಟಿ ಕೊಟ್ಟಿಗೆಹಾರದ ಕಡೆ ಹೋಗುವಾಗ ರಾತ್ರಿ ಒಂಬತ್ತರ ಹೊತ್ತು. ನೀರು ತುಂಬಿದ ಗುಂಡಿ, ಮುಂದಿನ ಎಡಗಡೆ ಟೈರು, ಪಕ್ಕೆಯಲ್ಲಿ ಮೂರು ಬೆರಳು ತೂರುವಷ್ಟು ಸೀಳು. ಪ್ರಯೋಜನವಿಲ್ಲ ಅಂತ ಗೊತ್ತಿದ್ದೂ ಬಾಟಲಿ ಖಾಲಿ ಮಾಡಿದೆ. ಗಂಜಿಯಂಥ ಬಿಳಿ ದ್ರವ ಮಳೆನೀರಿನ ಜೊತೆ ಚರಂಡಿಗೆ ಹೋಯಿತು. ನೀರುದೋಸೆ ತಿನ್ನಲು ಹೊರಟವನು ಯಾರದೋ ಜೀಪ್ ಹತ್ತಿ ಹೋಂಸ್ಟೇ ಸೇರಿದೆ. ಹಾಸನದಿಂದ ಕಾರು ಹೊರುವ ಫ್ಲ್ಯಾಟ್‌ಬೆಡ್ ಲಾರಿ ಬಂದದ್ದು ಮಾರನೇ ದಿನ ಹನ್ನೊಂದಕ್ಕೆ. ಅದಕ್ಕೆ 12 ಸಾವಿರ, ಹೊಸ ಟೈರಿಗೆ 21 ಸಾವಿರ, ಹೋಂಸ್ಟೇಗೆ ಎರಡೂವರೆ. ಕಾರಿಗೆ ಹೊಂದುವ ಟೈರ್ ಹಾಸನದಲ್ಲಿ ಸಿಗಲಿಲ್ಲ. ಸಿಕ್ಕಿದ್ದರೆ ಬೆಂಗಳೂರಿನವರೆಗೆ ಕಾರನ್ನು ಹೊರಿಸುವ ಖರ್ಚಾದರೂ ಉಳಿಯುತ್ತಿತ್ತು.

ಸ್ಟೆಪ್ನಿ ಹುಡುಕುತ್ತೇನೆ ಅಂದಾಗ ಗೆಳೆಯರ ಬಳಗ ನಕ್ಕಿತು. "ಸ್ಪೋರ್ಟ್ಸ್ ಕಾರಿಗೆ ಸ್ಟೆಪ್ನಿನಾ? ಮದುವೆ ಹೆಣ್ಣಿನ ಕೈಗೆ ಪೊರಕೆ ಕೊಟ್ಟ ಹಾಗಿರುತ್ತೆ ಗುರು" ಅಂದ ಒಬ್ಬ. ಅವನ ಹೆಸರು ಹೇಳುವುದಿಲ್ಲ, ಆದರೆ ಕತೆಯ ಕೊನೆಗೆ ಅವನು ಮತ್ತೆ ಬರುತ್ತಾನೆ. ಇನ್ನೊಬ್ಬ ರನ್‌ಫ್ಲ್ಯಾಟ್ ಹಾಕಿಸು ಅಂದ, ಗಾಳಿ ಹೋದರೂ ಸ್ವಲ್ಪ ದೂರ ಓಡುವ ಗಟ್ಟಿ ಪಕ್ಕೆಯ ಟೈರ್ ಅದು. ಈಗಲೇ ಸೊಂಟ ಹಿಡಿಯುವ ಕಾರಿಗೆ ಕಲ್ಲಿನಂಥ ಪಕ್ಕೆಯ ಟೈರ್ ಹಾಕಿ ಇನ್ನಷ್ಟು ನೋವು ತಿನ್ನುವ ಆಸೆ ನನಗಿಲ್ಲ. ಮೆಕ್ಯಾನಿಕ್ ಮಾತ್ರ, "ಸಿಗಲ್ಲ ಸಾರ್, ಸುಮ್ನೆ ದುಡ್ಡು ದಂಡ" ಅಂತ ಮುಗಿಸಿದ. ಅವನ ಮಾತಿನಲ್ಲಿ ಅರ್ಧ ನಿಜವಾಯಿತು.

ಅಂದಹಾಗೆ ನಾವೆಲ್ಲ ಬಾಯಿತುಂಬ ಸ್ಟೆಪ್ನಿ ಅನ್ನುತ್ತೇವಲ್ಲ, ಅದು ವೇಲ್ಸ್‌ನ ಲಾನೆಲಿ ಊರಿನ ಒಂದು ಬೀದಿಯ ಹೆಸರು. 1904ರ ಸುಮಾರಿಗೆ ಅಲ್ಲಿನ ಡೇವೀಸ್ ಸಹೋದರರು ಗಾಳಿ ತುಂಬಿದ ಟೈರಿರುವ ಕಡ್ಡಿಯಿಲ್ಲದ ರಿಮ್ ಒಂದನ್ನು ಮಾಡಿ ಮಾರಿದರು. ಪಂಕ್ಚರ್ ಆದ ಚಕ್ರದ ಮೇಲೆ ಅದನ್ನೇ ಕಚ್ಚಿಸಿ ಮನೆ ಸೇರುವುದು. ಅಂದರೆ ಮೂಲದಲ್ಲೇ ಸ್ಟೆಪ್ನಿ ತಾತ್ಕಾಲಿಕ ಸಾಮಾನು. ಕಾರ್ ಕಂಪನಿಗಳು ಸ್ಟೆಪ್ನಿ ಕೊಡದ ಕಾಲಕ್ಕೆ ಹುಟ್ಟಿದ್ದು ಅದು, ಈಗ ಮತ್ತೆ ಅದೇ ಕಾಲ. ನಮ್ಮಲ್ಲೂ 2020ರಲ್ಲಿ ಕೇಂದ್ರದ ನಿಯಮ ಸಡಿಲವಾಯಿತು: ಟೈರ್ ಗಾಳಿ ತೋರಿಸುವ ವ್ಯವಸ್ಥೆ, ರಿಪೇರಿ ಕಿಟ್ ಎರಡೂ ಇದ್ದರೆ ಕಾರಿನಲ್ಲಿ ಸ್ಟೆಪ್ನಿ ಇಡಲೇಬೇಕೆಂದಿಲ್ಲ.

ಸರಿ, ಅಳತೆಗಳು. ಪಿಸಿಡಿ 5×112 (ಐದು ಬೋಲ್ಟ್, ಅವುಗಳ ತೂತುಗಳ ನಡುವನ್ನು ಹಾಯುವ ವೃತ್ತದ ವ್ಯಾಸ 112 ಮಿ.ಮೀ.), ಸೆಂಟರ್ ಬೋರ್ 57.1 (ಕಾರಿನ ಹಬ್ ಮೇಲೆ ಕೂರುವ ಚಕ್ರದ ನಡುತೂತು), ಬೋಲ್ಟ್ ಎಂ14×1.5 (14 ಮಿ.ಮೀ. ದಪ್ಪ), ಅದು ಕೂರುವ ಜಾಗ ಗುಂಡಗಿನದು, ಕೋನದ್ದಲ್ಲ. ಮುಂದಿನ ಬ್ರೇಕ್ ಡಿಸ್ಕ್ 312 ಮಿ.ಮೀ.

ಮೊದಲನೇ ಪೆಟ್ಟು ಶಿವಾಜಿನಗರದ ಗುಜರಿಯಲ್ಲಿ ಬಿತ್ತು. "ಆಕ್ಟೇವಿಯಾದು ಸಾರ್, ಆಡಿಗೂ ಅದೇ ಬರೋದು, ಕಣ್ಣು ಮುಚ್ಚಿ ತಗೊಳ್ಳಿ" ಅಂದ ಅಂಗಡಿಯವ. ನಾನು ನಿಜಕ್ಕೂ ಕಣ್ಣು ಮುಚ್ಚಿಯೇ ತಗೊಂಡೆ, 1,800 ರೂಪಾಯಿ. ಮನೆಗೆ ತಂದು ಹಬ್ ಮೇಲೆ ಕೂರಿಸಿದರೆ ಬೋರ್ ಅಳತೆ ಬೆಣ್ಣೆಯ ಹಾಗೆ ಹೊಂದಿತು, ಒಂದು ಬೋಲ್ಟೂ ಹೋಯಿತು, ಎರಡನೆಯದು ಬಿಲ್‌ಕುಲ್ ಇಲ್ಲ. ನಮ್ಮಲ್ಲಿ ಸ್ಕೋಡಾ ಆಕ್ಟೇವಿಯಾ ಹೆಸರಲ್ಲಿ ಮೊದಲು ಬಂದ ಕಾರು 5×100. ಅದರ ಮುಂದಿನ ತಲೆಮಾರು, ಅಂದರೆ ಇಲ್ಲಿ ಲಾರಾ ಅಂತ ಮಾರಿದ್ದು, 5×112. ಪೋಲೋ, ವೆಂಟೋ, ರ‍್ಯಾಪಿಡ್ ಎಲ್ಲ 5×100ರ ಕಡೆಯವೇ. ಗುಜರಿಯಲ್ಲಿ ಎಲ್ಲವೂ ಒಂದೇ ರಾಶಿ. ಆಮೇಲೆ ಜೇಬಲ್ಲಿ ಟೇಪ್ ಇಟ್ಟುಕೊಂಡೇ ಹೋಗುತ್ತಿದ್ದೆ. ಅಕ್ಕಪಕ್ಕದ ಎರಡು ತೂತುಗಳ ನಡುವಿನಿಂದ ನಡುವಿಗೆ ಅಳೆಯಿರಿ: 59 ಮಿ.ಮೀ. ಬಂದರೆ ಅದು 100, 66ರ ಹತ್ತಿರ ಬಂದರೆ 112. ಐದು ತೂತಿನ ಚಕ್ರದಲ್ಲಿ ಎದುರುಬದುರು ಅಳೆಯಲು ಹೋಗಿ ತಲೆ ಕೆಡಿಸಿಕೊಳ್ಳಬೇಡಿ.

ಎರಡನೇ ಬಾರಿ ಲಾರಾದ್ದೇ ಬೇಕು ಅಂತ ಹಟಮಾಡಿ ತಂದೆ, 1,500. 15 ಇಂಚಿನ ಕಬ್ಬಿಣದ ಚಕ್ರ. ಹಿಂದೆ ಕೂತಿತು, ಮುಂದೆ ಡಿಸ್ಕನ್ನು ಹಿಡಿಯುವ ಬ್ರೇಕ್ ಕ್ಯಾಲಿಪರ್ ಮೇಲೆಯೇ ನಿಂತುಬಿಟ್ಟಿತು. 312ರ ಡಿಸ್ಕಿಗೆ 16ಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ. ಇದು ಮೊದಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಮೂರನೆಯದು ನನ್ನ ದುಬಾರಿ ಹುಚ್ಚು. ಜೆ.ಸಿ. ರಸ್ತೆಯಲ್ಲಿ ಪರಿಚಯದವರೊಬ್ಬರು ಬೆಂಜ್ ಕಾರಿನ ತೆಳು (ಅಗಲ ಕಡಿಮೆ ಇರುವ, ತಾತ್ಕಾಲಿಕ ಬಳಕೆಯ) ಸ್ಟೆಪ್ನಿ ಇದೆ ಅಂದರು, 5,500. ಪಿಸಿಡಿ 112 ಸರಿ, ಆದರೆ ಬೋರ್ 66.6. ಹಬ್ ಮೇಲೆ ಇಟ್ಟರೆ ಬಳೆ ತೊಟ್ಟ ಮಗುವಿನ ಕೈಯ ಹಾಗೆ ಲೊಳಲೊಳ. ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಹೊರಗೆ 66.6, ಒಳಗೆ 57.1 ಇರುವ ಅಲ್ಯೂಮಿನಿಯಂ ಉಂಗುರ ಮಾಡಿಸಿದೆ, 600 ರೂಪಾಯಿ. ಅಚ್ಚುಕಟ್ಟಾಗಿ ಕೂತಿತು, ನಾನೂ ಎದೆಯುಬ್ಬಿಸಿದೆ. ಆಮೇಲೆ ಬೋಲ್ಟಿನ ದುಂಡು ಭಾಗಕ್ಕೆ ಮಾರ್ಕರ್ ಬಳಿದು ಬಿಗಿದು ಬಿಚ್ಚಿ ನೋಡಿದೆ. ಮಸಿ ಅಳಿಸಿದ್ದು ಕೂದಲೆಳೆಯಷ್ಟು ಅಗಲದ ಒಂದು ಗೆರೆ ಮಾತ್ರ. ರಿಮ್ಮಿನ ಗುಂಡಿಯ ದುಂಡೇ ಬೇರೆ, ಬೋಲ್ಟಿನ ದುಂಡೇ ಬೇರೆ. ಆ ಒಂದು ಗೆರೆಯ ಮೇಲೆ ಐದು ಬೋಲ್ಟ್ ನಂಬಿ ಘಾಟಿ ಇಳಿಯುವ ಧೈರ್ಯ ಬರಲಿಲ್ಲ. ಬೆಂಜ್ ಇಟ್ಟುಕೊಂಡ ಇನ್ನೊಬ್ಬನಿಗೆ 4,000ಕ್ಕೆ ಮಾರಿದೆ. ಉಂಗುರ ಈಗ ಮೇಜಿನ ಮೇಲೆ ಪೆನ್ನು ಹೊರಳದ ಹಾಗೆ ತಡೆದುಕೊಂಡು ಕೂತಿದೆ. ಈ ಮಾರ್ಕರ್ ಪರೀಕ್ಷೆಯನ್ನು ಮಾತ್ರ ಯಾವ ಸ್ಟೆಪ್ನಿಗಾದರೂ ಮಾಡಿ. "ಬೋಲ್ಟ್ ಬಿಗಿಯಾಯ್ತು" ಅನ್ನುವುದು ಸಾಕ್ಷಿಯಲ್ಲ.

ನಾಲ್ಕನೆಯದು ಗೆದ್ದಿತು ಅನ್ನಬಹುದು. ಜೆಟ್ಟಾದ 16 ಇಂಚಿನ ಕಬ್ಬಿಣದ ಚಕ್ರ, 205/55 ಟೈರಿನ ಸಮೇತ 2,500. ಕ್ಯಾಲಿಪರಿಗೂ ರಿಮ್ಮಿಗೂ ಎಷ್ಟು ಜಾಗ ಉಳಿಯುತ್ತದೆ ಅಂತ ನೋಡಲು ಅಡುಗೆಮನೆಯಿಂದ ಚಪಾತಿ ಹಿಟ್ಟಿನ ಉಂಡೆ ಕದ್ದು ಕ್ಯಾಲಿಪರ್ ಮೇಲೆ ಅಂಟಿಸಿ, ಚಕ್ರ ಹಾಕಿ ತಿರುಗಿಸಿ, ತೆಗೆದು ಹಿಟ್ಟಿನ ದಪ್ಪ ಅಳೆದೆ. ನಾಲ್ಕೈದು ಮಿ.ಮೀ. ಇತ್ತು. (ಮೊದಲು ರಾಗಿ ಮುದ್ದೆಯಲ್ಲಿ ಮಾಡಿದ್ದೆ. ಅದು ರಿಮ್ಮಿಗೂ ಕ್ಯಾಲಿಪರಿಗೂ ಅಂಟಿ ಬರಲೊಲ್ಲದೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಬೇಕಾಯಿತು. ಬ್ರಷ್ ಯಾರದು ಅಂತ ಮನೆಯಲ್ಲಿ ಇನ್ನೂ ವಿಚಾರಣೆ ನಡೆದಿದೆ.) ಟೈರಿನ ವ್ಯಾಸ 632 ಮಿ.ಮೀ., ನಮ್ಮದು 653. ಶೇಕಡ ಮೂರರ ಚಿಲ್ಲರೆ ಕಡಿಮೆ. ಒಬ್ಬರೇ ಓಡಾಡುವವರಾದರೆ ಇಲ್ಲಿಗೇ ನಿಲ್ಲಿಸಿ, ಇದಕ್ಕಿಂತ ಅಗ್ಗದ್ದು ಸಿಗುವುದಿಲ್ಲ. ನನಗೆ ಆಗಲಿಲ್ಲ. ಅದು ಡಿಕ್ಕಿಯಲ್ಲಿ ಕೂತರೆ ಹೆಂಡತಿಯ ಸೂಟ್‌ಕೇಸ್ ಹೊರಗೆ. "ರೀ, ಒಂದೋ ಅದು ಬರಲಿ, ಇಲ್ಲ ನಾನು ಬರ್ತೀನಿ."

ಐದನೆಯದಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ಹಿಂದಿನಿಂದ ಗುದ್ದಿಸಿಕೊಂಡು ಗುಜರಿ ಸೇರಿದ್ದ ಆಡಿ ಎ3 ಒಂದರ ತೆಳು ಸ್ಟೆಪ್ನಿ: 125/70 ಆರ್18, ಪಿಸಿಡಿ, ಬೋರ್, ಬೋಲ್ಟ್ ಕೂರುವ ಗುಂಡಿ ಎಲ್ಲ ನಮ್ಮದೇ ಮನೆತನದ್ದು. ವ್ಯಾಸ ಲೆಕ್ಕ ಹಾಕಿದರೆ ಮತ್ತೆ 632, ಜೆಟ್ಟಾದಷ್ಟೇ. ಗುಜರಿಯವನು ಎಂಟು ಸಾವಿರ ಅಂದ, ಎರಡು ಚಹಾ ಕುಡಿದು ಆರಕ್ಕೆ ಇಳಿಸಿದೆ. ಯಾವ ಗಲ್ಲಿ ಅಂತ ಕೇಳಬೇಡಿ, ಅವನ ಹತ್ತಿರ ಇನ್ನೊಂದು ಬಂದರೆ ಅದೂ ನನಗೇ. ಇಷ್ಟು ಹೇಳುತ್ತೇನೆ: ಹಿಂದಿನಿಂದ ಗುದ್ದಿಸಿಕೊಂಡ ಕಾರಿನ ಸ್ಟೆಪ್ನಿ ಕೊಳ್ಳುವ ಮೊದಲು ರಿಮ್ಮನ್ನು ಕಲ್ಲುಹಾಸಿನ ಮೇಲೆ ಮಲಗಿಸಿ ಸುತ್ತ ಬೆಳಕು ತೂರುತ್ತದಾ ನೋಡಿ, ಆಮೇಲೆ ಪಂಕ್ಚರ್ ಅಂಗಡಿಯ ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಹಾಕಿ ತಿರುಗಿಸಿ. ಡಿಕ್ಕಿಯೊಳಗೆ ಕೂತೇ ಸೊಟ್ಟಗಾಗಿರುತ್ತದೆ. ಟೈರಿನ ಮೇಲಿನ ನಾಲ್ಕಂಕಿಯನ್ನೂ ಓದಿ. ನನ್ನದು 2314, ಅಂದರೆ 2014ರ 23ನೇ ವಾರ. ವಯಸ್ಸಾಗಿದೆ, ಆದರೆ ಬಿಸಿಲು ಕಾಣದ ರಬ್ಬರ್, ಬಿರುಕು ಒಂದೂ ಇರಲಿಲ್ಲ.

ಗಾಳಿ 4.2 ಬಾರ್, ಅಂದರೆ 60 ಪಿಎಸ್‌ಐ ಬೇಕು. ಪೆಟ್ರೋಲ್ ಬಂಕಿನ ಹುಡುಗ "ಅಣ್ಣಾ, ಒಡ್ದೋಗುತ್ತೆ" ಅಂತ ಮೆಷಿನ್ ಮುಟ್ಟಲೇ ಒಪ್ಪಲಿಲ್ಲ. ಅಂಟಿನ ಬಾಟಲಿಯ ಜೊತೆ ಬಂದ ಕಂಪ್ರೆಸರೇ ತುಂಬಿತು, ಆರೇಳು ನಿಮಿಷ ಅರಚಿಕೊಂಡು. ತಿಂಗಳಿಗೊಮ್ಮೆ ನೋಡದಿದ್ದರೆ 45ಕ್ಕೆ ಇಳಿದಿರುತ್ತದೆ.

ಇಡುವುದೆಲ್ಲಿ? ನೆಲದಡಿಯ ಗುಂಡಿಗೆ ಇಳಿಯುವುದಿಲ್ಲ, ಆ ಆಸೆ ಬಿಡಿ. ಟಿಟಿಯ ಹಿಂದಿನ ಸೀಟಿನಲ್ಲಿ ಕಾಲಿಲ್ಲದವರು ಮಾತ್ರ ಕೂರಬಹುದು, ಕೊನೆಗೂ ಆ ಸೀಟಿಗೊಂದು ಕೆಲಸ ಸಿಕ್ಕಿತು. ಒಂದು ಕಡೆಯ ಬೆನ್ನು ಮಡಚಿ, ಚಕ್ರವನ್ನು ಗೋಣಿಚೀಲದಲ್ಲಿ ಸುತ್ತಿ, ಲಾರಿಯವರು ಬಳಸುವ ರ‍್ಯಾಚೆಟ್ ಪಟ್ಟಿಯಿಂದ ಬಿಗಿದೆ. ಪಟ್ಟಿಯನ್ನು ಎಲ್ಲಿಂದ ಎಲ್ಲಿಗೆ ಎಳೆದಿದ್ದೇನೆ ಅನ್ನುವುದು ನನ್ನ ಪೇಟೆಂಟ್. ಕಟ್ಟದೆ ಮಾತ್ರ ಇಡಬೇಡಿ. ಜೋರಾಗಿ ಬ್ರೇಕ್ ಹೊಡೆದರೆ ಆ ಹದಿನೈದು ಕೆ.ಜಿ. ನಿಮ್ಮ ತಲೆಗೇ ಬರುತ್ತದೆ. ಎಲ್ಲರೂ ಮರೆಯುವುದು ಇನ್ನೊಂದಿದೆ: ಸ್ಟೆಪ್ನಿ ಹಾಕಿದ ಮೇಲೆ ಪಂಕ್ಚರ್ ಆದ ಚಕ್ರವನ್ನು ಇಡಬೇಕಲ್ಲ? ಅದು 245 ಅಗಲ. ಮನೆಯ ಮುಂದೆ ಸೂಟ್‌ಕೇಸ್ ಸಮೇತ ಎರಡು ಸಲ ತಾಲೀಮು ಮಾಡಿದೆ. ಅದು ಮಲಗಿದ ಮೇಲೆ ಸೂಟ್‌ಕೇಸ್ ಹೆಂಡತಿಯ ಕಾಲಬಳಿ. ಈ ಷರತ್ತಿಗೆ ಸಹಿ ಬಿತ್ತು, ಯಾಕೆಂದರೆ ಪಂಕ್ಚರ್ ಆದಾಗ ಮಾತ್ರ.

2022ರ ಫೆಬ್ರುವರಿಯ ಒಂದು ಭಾನುವಾರ ಬೆಳಗಿನ ಜಾವ ನೆಲಮಂಗಲದಿಂದ ದಾಬಸ್‌ಪೇಟೆಗೆ ಅದನ್ನೇ ಹಾಕಿಕೊಂಡು ಹೋಗಿ ಬಂದೆ, ಹೆಚ್ಚುಕಡಿಮೆ 50 ಕಿ.ಮೀ. ಟೈರ್ ಮೇಲೆಯೇ 80 ಮಿತಿ ಅಂತ ಬರೆದಿದೆ, ನಾನು 65 ದಾಟಲಿಲ್ಲ. ಕೊರೊನಾ ಕಾಲದಲ್ಲಿ ಕೊಂಡ ಹಣೆಗೆ ಹಿಡಿಯುವ ಥರ್ಮಾಮೀಟರಿನಲ್ಲಿ ವಸ್ತುವಿನ ಶಾಖ ಅಳೆಯುವ ಗುಂಡಿಯೂ ಇತ್ತು. ಹಿಡಿದು ನೋಡಿದರೆ ಮಿಕ್ಕ ಟೈರುಗಳು 40ರ ಆಚೀಚೆ, ಸ್ಟೆಪ್ನಿ 50 ಮೀರಿತ್ತು. ಅವತ್ತು ಅದು ಇದ್ದದ್ದು ಮುಂದೆ. ಮುಂದಿನ ವಾರ ಹಿಂದಕ್ಕೆ ಹಾಕಿ ಅದೇ ದಾರಿ ಓಡಿಸಿದರೆ 45ರ ಹತ್ತಿರ. ಈ ಕಾರಿನಲ್ಲಿ ಬಹುಪಾಲು ಎಳೆತ, ಬ್ರೇಕು, ಸ್ಟೀರಿಂಗ್ ಎಲ್ಲ ಮುಂದಿನ ಚಕ್ರಗಳ ಮೇಲೆ. ಹಿಂದಿನವು, ಎಳೆತವನ್ನು ಹಿಂದಕ್ಕೆ ಹಂಚುವ ಹಾಲ್ಡೆಕ್ಸ್ ಕಪ್ಲಿಂಗ್ ಕರೆದಾಗ ಮಾತ್ರ ಕೈಹಾಕುತ್ತವೆ. ವ್ಯಾಸ ಬೇರೆಯಾದರೆ ಆ ಕಪ್ಲಿಂಗಿಗೂ ಸುಮ್ಮನೆ ದುಡಿಮೆ, ಅದಕ್ಕೇ ದೂರ ಓಡಿಸುವ ಯೋಚನೆ ಬೇಡ. ಅವತ್ತಿಂದ ನನ್ನ ಕ್ರಮ ಇದು: ಮುಂದಿನದು ಹೋದರೆ ಹಿಂದಿನ ಒಳ್ಳೆ ಚಕ್ರ ಮುಂದಕ್ಕೆ, ಸ್ಟೆಪ್ನಿ ಹಿಂದಕ್ಕೆ. ಎರಡು ಸಲ ಜಾಕಿ ಏರಿಸುವ ಕಷ್ಟ ಇದೆ, ಇರಲಿ. ಜಾಕಿಯನ್ನೂ ಗುಜರಿಯಿಂದಲೇ ತಂದದ್ದು. ಜೊತೆಗೆ ಅರ್ಧ ಅಡಿ ಹಲಗೆ ಒಂದು, ವ್ಹೀಲ್ ಪಾನ ಒಂದು, ಕಳ್ಳರು ಚಕ್ರ ಬಿಚ್ಚದಂತೆ ಹಾಕಿರುವ ಲಾಕ್ ಬೋಲ್ಟಿನ ಕೀ. ಆ ಕೀ ಮನೆಯಲ್ಲಿ ಬಿಟ್ಟು ಹೋದರೆ ಸ್ಟೆಪ್ನಿ ಇದ್ದೂ ಇಲ್ಲ.

ಕಳೆದ ಆಗಸ್ಟಿನಲ್ಲಿ ಚನ್ನರಾಯಪಟ್ಟಣ ದಾಟಿ ಹಾಸನಕ್ಕೆ ಇನ್ನೂ ಮೂವತ್ತು ಕಿ.ಮೀ. ಇರುವಾಗ ಢಬ್ ಅಂತ ಸದ್ದು. ಮತ್ತೆ ಮುಂದಿನ ಎಡಗಡೆ, ಮತ್ತೆ ಪಕ್ಕೆ. ಪಕ್ಕದ ಸೀಟಿನಲ್ಲಿದ್ದವನು ಪೊರಕೆ ಮಾತಾಡಿದ ಅದೇ ಮಹಾಶಯ. ತುಂತುರು ಮಳೆ. ಅವನಿಗೆ ಕೊಡೆ ಹಿಡಿಯಲು ಹೇಳಿ, ಹಿಂದಿನದು ಮುಂದಕ್ಕೆ, ಸ್ಟೆಪ್ನಿ ಹಿಂದಕ್ಕೆ. 35 ನಿಮಿಷ ಆಯಿತು, ಮನೆಯ ತಾಲೀಮಿನಲ್ಲಿ 22ಕ್ಕೆ ಮುಗಿಸಿದ್ದೆ. ಐದು ಕಿ.ಮೀ. ಆದ ಮೇಲೆ ನಿಲ್ಲಿಸಿ ಬೋಲ್ಟುಗಳನ್ನು ಮತ್ತೆ 120 ನ್ಯೂಟನ್ ಮೀಟರಿಗೆ ಬಿಗಿದೆ. 60ರ ವೇಗದಲ್ಲಿ ಹಾಸನ ಸೇರಿ, ಹೋಟೆಲಿನಲ್ಲಿ ರೂಮ್ ಮಾಡಿ, ಬೆಂಗಳೂರಿಗೆ ಫೋನ್ ಹಚ್ಚಿ ಟೈರ್ ಬಸ್ಸಿಗೆ ಹಾಕಿಸಿಕೊಂಡೆ. ಬಸ್ಸಿಗೆ ಕೊಟ್ಟದ್ದು 300 ರೂಪಾಯಿ, ಫ್ಲ್ಯಾಟ್‌ಬೆಡ್ಡಿನ 12 ಸಾವಿರದ ಮುಂದೆ. ಮಾರಿದ್ದನ್ನು ಕಳೆದು, ಜಾಕಿ, ಪಟ್ಟಿ ಸೇರಿಸಿ ಸ್ಟೆಪ್ನಿ ಹುಚ್ಚಿಗೆ ನನ್ನ ಲೆಕ್ಕದಲ್ಲಿ ಹದಿನಾಲ್ಕು ಹದಿನೈದು ಸಾವಿರ ಆಗಿದೆ. ಹೆಂಡತಿಯ ಲೆಕ್ಕದಲ್ಲಿ ಇಪ್ಪತ್ತು, ಅವಳು ಮಾರಿದ ದುಡ್ಡನ್ನು ಕಳೆಯುವುದಿಲ್ಲ.

ಈಗ ಉಳಿದಿರುವ ಚಿಂತೆ ಆ 2314. ರಿಮ್ ಇನ್ನಿಪ್ಪತ್ತು ವರ್ಷ ಬಾಳುತ್ತದೆ, ರಬ್ಬರಿಗೆ ಹತ್ತು ದಾಟಿತು. 125/70 ಆರ್18 ಹೊಸದು ಜೆ.ಸಿ. ರಸ್ತೆಯಲ್ಲಿ ಕೇಳಿದರೆ "ಅದು ಸೈಕಲ್ಲಿಂದಾ ಸಾರ್?" ಅನ್ನುತ್ತಾರೆ. ಪೊರಕೆ ಮಹಾಶಯ ತನ್ನ ಕಾರಿಗೂ ಒಂದು ಹುಡುಕಿಕೊಡು ಅಂತ ಬೆನ್ನು ಹತ್ತಿದ್ದಾನೆ. ಅವನದು 5×120, ಮೊನ್ನೆ ಭಾನುವಾರ ಟೇಪ್ ಹಿಡಿದು ಇಬ್ಬರೂ ಗುಜರಿಗೆ ಹೋಗಿದ್ದೆವು, ಬರಿಗೈಲಿ ಬಂದೆವು.